ಆಸ್ಪತ್ರೆಗಾಗಿ ಒಂದು ಆಟ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ತಾಲ್ಲೂಕು ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಉಪಕರಣ ಕೊಡಿಸಲು ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸಬೇಕೆಂದಿದ್ದೀಯಲ್ಲ, ಓದಿ ಖುಷಿಯಾಯಿತು. "ಶಾಮಿಯಾನಕ್ಕೂ ಧ್ವನಿವರ್ಧಕಕ್ಕೂ ಸುರಿಯುವ ದುಡ್ಡನ್ನು ನೇರವಾಗಿ ಆಸ್ಪತ್ರೆಗೇ ಕೊಟ್ಟರಾಗದೇ? ಆಟ ಯಾಕೆ?" ಎಂದು ಸಂಘದ ಹಿರಿಯರೊಬ್ಬರು ಸಭೆಯಲ್ಲಿ ಕೇಳಿದರೆಂದೂ, ನಿನಗೆ ಉತ್ತರ ಹೊಳೆಯಲಿಲ್ಲವೆಂದೂ ಬರೆದಿದ್ದೀಯ. ಅವರ ಪ್ರಶ್ನೆಯಲ್ಲಿ ಹುರುಳಿದೆ. ಮಕ್ಕಳ ಆಸ್ಪತ್ರೆಯ ಹೆಸರಿನಲ್ಲೇ ನೂರು ವರ್ಷದಿಂದ ನಡೆದುಬಂದಿರುವ ಒಂದು ಪಂದ್ಯ ಈಗ ನಾನಿರುವ ಟೆಕ್ಸಸ್‌ಗೆ ಬಂದು ಬಿಡಾರ ಹೂಡಿದೆ. ಅದರ ಕಥೆ ಹೇಳುತ್ತೇನೆ. ಉತ್ತರ ಸಿಕ್ಕರೆ ಅದರಲ್ಲೇ ಸಿಗಬೇಕು.

ಈಸ್ಟ್-ವೆಸ್ಟ್ ಶ್ರೈನ್ ಬೌಲ್ ಎಂದು ಅದರ ಹೆಸರು. ಇಲ್ಲಿಯ ಫುಟ್‌ಬಾಲ್ ನಿನಗೆ ಗೊತ್ತು: ಚೆಂಡನ್ನು ಎದೆಗವಚಿಕೊಂಡು ಓಡುವುದು, ಎದುರಾಳಿಗಳು ಮೈಮೇಲೆ ಬಿದ್ದು ಕೆಡವುವುದು. ಕಬಡ್ಡಿ ಆಡಿದವನಿಗೆ ಹೆಚ್ಚು ವಿವರಿಸಬೇಕಿಲ್ಲ. ಕಾಲೇಜು ಋತು ಮುಗಿದ ಮೇಲೆ, ಹೆಚ್ಚಾಗಿ ಕೊನೆಯ ವರ್ಷದ ಆಯ್ದ ಆಟಗಾರರನ್ನು ಪೂರ್ವ, ಪಶ್ಚಿಮ ಎಂದು ಎರಡು ತಂಡ ಮಾಡಿ ಆಡಿಸುತ್ತಾರೆ. ಗೆದ್ದವರು ಯಾರೆಂಬುದು ಮರುವಾರ ಯಾರಿಗೂ ನೆನಪಿರುವುದಿಲ್ಲ. ಆದರೂ ಪಂದ್ಯ ನಿಂತಿಲ್ಲ.

ಮೊದಲು ಹುಟ್ಟಿದ್ದು ಆಸ್ಪತ್ರೆ, ಪಂದ್ಯ ಆಮೇಲೆ. ಶ್ರೈನರ್ಸ್ ಎನ್ನುವುದು ಫ್ರೀಮೇಸನ್ನರ, ಅಂದರೆ ಗುಟ್ಟಿನ ವಿಧಿಗಳುಳ್ಳ ಹಳೆಯ ಸೋದರ ಸಂಘವೊಂದರ ಸದಸ್ಯರ, ನಡುವೆ 1872ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಕೂಟ. ಗೊಂಡೆ ತೂಗುವ ಕೆಂಪು ಟೋಪಿ, ಬ್ಯಾಂಡು, ಮೆರವಣಿಗೆ, ಔತಣ. ಅರಬ್ ವೇಷಭೂಷಣದ ಗೀಳು ಎಷ್ಟಿತ್ತೆಂದರೆ ಸ್ಯಾನ್ ಫ್ರಾನ್ಸಿಸ್ಕೊ ಶಾಖೆಯ ಹೆಸರೇ 'ಇಸ್ಲಾಂ ಟೆಂಪಲ್'. ಧರ್ಮಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಸದಸ್ಯರು ಲಕ್ಷಗಟ್ಟಲೆ ಆಗಿದ್ದರು, ಕೈಯಲ್ಲಿ ಹಣವೂ ಇತ್ತು. ಆಗ ಪೋಲಿಯೊ ಕಾಲ. ಫಿಲಡೆಲ್ಫಿಯಾದ ಫ್ರೀಲ್ಯಾಂಡ್ ಕೆಂಡ್ರಿಕ್ ಎಂಬ ಮುಖಂಡರು ಅಟ್ಲಾಂಟಾದಲ್ಲಿ ಮಕ್ಕಳ ಮೂಳೆ ಆಸ್ಪತ್ರೆಯೊಂದನ್ನು ನೋಡಿ ಬಂದು, 1920ರಲ್ಲಿ ಪೋರ್ಟ್‌ಲ್ಯಾಂಡಿನ ಮಹಾಸಭೆಯಲ್ಲಿ ಒಂದು ಸಲಹೆ ಮುಂದಿಟ್ಟರು: ಪ್ರತಿ ಸದಸ್ಯ ವರ್ಷಕ್ಕೆ ಎರಡು ಡಾಲರ್ ಕೊಡಲಿ, ಇಂಥದ್ದೇ ಆಸ್ಪತ್ರೆ ನಾವೂ ಕಟ್ಟೋಣ.

ಸಭೆ ಒಪ್ಪಲಿಲ್ಲ. ಗೊಣಗಾಟ ಶುರುವಾಯಿತು, ನಿಮ್ಮ ಸಂಘದ ಸಭೆ ಕಣ್ಣಿಗೆ ಕಟ್ಟುತ್ತದೆ, ಅಲ್ಲವೇ? ಸಲಹೆ ಬಿದ್ದೇ ಹೋಗುತ್ತದೆ ಎನ್ನುವಾಗ ಅಟ್ಲಾಂಟಾದ ಫಾರೆಸ್ಟ್ ಅಡೇರ್ ಎದ್ದು ನಿಂತರು. ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ತಮಗೆ ಎಚ್ಚರವಾಯಿತೆಂದೂ, ಕೆಳಗೆ ಬೀದಿಯಲ್ಲಿ ಬ್ಯಾಂಡಿನವನೊಬ್ಬ ದಾರಿ ತಪ್ಪಿದವನಂತೆ ಅಲೆಯುತ್ತಾ ಗುಳ್ಳೆಗಳನ್ನು ಊದುವ ಬಗೆಗಿನ ಆಗಿನ ಜನಪ್ರಿಯ ಹಾಡನ್ನು ಒಬ್ಬನೇ ನುಡಿಸುತ್ತಿದ್ದನೆಂದೂ ಹೇಳಿದರು. ನಾವೂ ಇಷ್ಟು ವರ್ಷ ಗುಳ್ಳೆ ಊದುತ್ತಲೇ ಕಾಲ ಕಳೆದೆವಲ್ಲವೇ, ಹಾಡಿಗೂ ಬ್ಯಾಂಡಿಗೂ ಸುರಿದದ್ದು ಸಾಲದೇ, ಇನ್ನಾದರೂ ಮನುಷ್ಯರಿಗಾಗಿ ಖರ್ಚು ಮಾಡೋಣ ಎಂಬುದು ಅವರ ಮಾತಿನ ಸಾರ. ಅವರು ಕುಳಿತುಕೊಳ್ಳುವ ಹೊತ್ತಿಗೆ ವಿರೋಧ ಕರಗಿತ್ತು, ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಅಂಕಿಅಂಶಗಳಿಂದ ಆಗದ ಕೆಲಸ ಒಂದು ಕಥೆಯಿಂದ ಆಯಿತು. ನೀನೂ ಮುಂದಿನ ಸಭೆಗೆ ಖರ್ಚಿನ ಪಟ್ಟಿಯನ್ನಷ್ಟೇ ಹಿಡಿದು ಹೋಗಬೇಡ.

1922ರಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟಿನಲ್ಲಿ ಮೊದಲ ಆಸ್ಪತ್ರೆ ತೆರೆಯಿತು. ಮೊದಲು ದಾಖಲಾದದ್ದು ಒಂದು ಪುಟ್ಟ ಹುಡುಗಿ. ಹುಟ್ಟಿನಿಂದಲೇ ಪಾದ ತಿರುಚಿಕೊಂಡಿತ್ತು; ಅಂಗಾಲನ್ನು ಊರಲಾಗದೆ ಪಾದದ ಮೇಲ್ಭಾಗವನ್ನೇ ನೆಲಕ್ಕೂರಿ ನಡೆಯಲು ಆಕೆ ಕಲಿತಿದ್ದಳು. ಆ ಒಂದು ವಿವರ ನನ್ನ ತಲೆಯಿಂದ ಹೋಗಿಲ್ಲ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಒಂದು ಆಸ್ಪತ್ರೆಯಾಯಿತು. ಚಿಕಿತ್ಸೆಗೆ ಕಾಸು ತೆಗೆದುಕೊಳ್ಳುವಂತಿಲ್ಲ ಎಂಬುದು ಆಗಿನ ನಿಯಮ. ಹಾಗಿದ್ದ ಮೇಲೆ ನಡೆಸುವುದು ಹೇಗೆ?

ಅಲ್ಲಿಂದಲೇ ಪಂದ್ಯದ ಆಲೋಚನೆ. ಬೇಬ್ ಹಾಲಿಂಗ್‌ಬೆರಿ ಎಂಬ ತರಬೇತುದಾರರು ಮುಂದೆ ನಿಂತರು. 1925ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮರುದಿನ, ಸ್ಯಾನ್ ಫ್ರಾನ್ಸಿಸ್ಕೊದ ಯೂಯಿಂಗ್ ಫೀಲ್ಡ್‌ನಲ್ಲಿ ಮೊದಲ ಪಂದ್ಯ ನಡೆಯಿತು. ಪಶ್ಚಿಮ ತಂಡ 6-0ರಿಂದ ಗೆದ್ದಿತು. ಆ ಮೈದಾನದ ಬಗ್ಗೆ ಒಂದು ಮಾತು: ಅದನ್ನು ಕಟ್ಟಿದ್ದು ಬೇಸ್‌ಬಾಲ್‌ಗೆ. ಆದರೆ ಕಡಲಿನಿಂದ ಬರುವ ಮಂಜು ಎಷ್ಟು ದಟ್ಟವಾಗಿ ಕವಿಯುತ್ತಿತ್ತೆಂದರೆ ತಂಡ ಒಂದೇ ಋತುವಿಗೆ ಕೈಮುಗಿದು ಹೊರಟುಹೋಯಿತು. ದೂರದಲ್ಲಿ ಕಾವಲು ನಿಂತ ಆಟಗಾರನೊಬ್ಬ ಚಳಿ ತಾಳಲಾರದೆ ಮೈದಾನದಲ್ಲೇ ಬೆಂಕಿ ಹಾಕಿ ಕಾಯಿಸಿಕೊಂಡನೆಂಬ ಕಥೆ ಇದೆ. ಯಾರಿಗೂ ಬೇಡವಾದ ಜಾಗದಲ್ಲಿ ಶುರುವಾದ ಪಂದ್ಯ ಇದು. ಅಂಕಣ ಚೆನ್ನಾಗಿಲ್ಲ ಎಂದು ನೀನು ಕೊರಗಬೇಕಾಗಿಲ್ಲ.

ಮುಂದೆ ಗೋಲ್ಡನ್ ಗೇಟ್ ಪಾರ್ಕಿನ ಕೆಜಾರ್ ಕ್ರೀಡಾಂಗಣ ಅದರ ಮನೆಯಾಯಿತು, ದಶಕಗಳ ಕಾಲ. ಆಟ ಮುಗಿಯುವ ಹೊತ್ತಿಗೆ ಸರಿಯಾಗಿ ಕಡಲಹಕ್ಕಿಗಳು ಹಿಂಡುಹಿಂಡಾಗಿ ಇಳಿದು ಜನ ಚೆಲ್ಲಿದ ತಿಂಡಿಗೆ ಮುಗಿಬೀಳುತ್ತಿದ್ದವಂತೆ. "ಗಟ್ಟಿ ಕಾಲುಗಳು ಓಡುವುದು, ಸೋತ ಕಾಲುಗಳು ನಡೆಯಲೆಂದು" ಎಂಬುದು ಪಂದ್ಯದ ಘೋಷವಾಕ್ಯ. ಅದು ಬರೀ ಫಲಕದ ಮೇಲಿನ ಮಾತಾಗಿ ಉಳಿಯಲಿಲ್ಲ. ಪಂದ್ಯದ ವಾರದಲ್ಲಿ ಆಟಗಾರರು ಆಸ್ಪತ್ರೆಗೆ ಹೋಗಿ ಮಕ್ಕಳನ್ನು ನೋಡಿಬರುವುದು ಕಡ್ಡಾಯವೆನ್ನುವಷ್ಟು ಗಟ್ಟಿ ಸಂಪ್ರದಾಯವಾಯಿತು. ನಿನ್ನ ಹಿರಿಯರಿಗೆ ನಾನು ಕೊಡುವ ಉತ್ತರ ಇಲ್ಲೇ ಇದೆ: ಚೆಕ್ ಬರೆದುಕೊಡುವವರು ವಾರ್ಡಿನೊಳಗೆ ಕಾಲಿಡುವುದಿಲ್ಲ, ಆಟ ಆಡಲು ಬಂದವರು ಕಾಲಿಟ್ಟರು, ಅವರ ಹಿಂದೆ ಪತ್ರಿಕೆಯವರೂ ಬಂದರು, ಅವರ ಹಿಂದೆ ಊರಿನ ಕಣ್ಣು ಬಂತು. ಪಂದ್ಯದ ಟಿಕೆಟ್ ಹಣ ಶ್ರೈನರ್ಸ್ ಆಸ್ಪತ್ರೆಗಳ ಒಟ್ಟು ಖರ್ಚಿನ ಮುಂದೆ ಅಂಥ ದೊಡ್ಡದೇನಲ್ಲ. ಅವು ನಡೆಯುವುದು ಬಿಲಿಯನ್‌ಗಟ್ಟಲೆ ಡಾಲರ್ ಮೂಲನಿಧಿಯಿಂದ. ಜನ ಉಯಿಲಿನಲ್ಲಿ ಬರೆದಿಟ್ಟುಹೋದ ಹಣ ಅದರಲ್ಲಿ ಬಹಳ. ಆದರೆ ಉಯಿಲು ಬರೆಯುವವನಿಗೆ ಆಸ್ಪತ್ರೆಯ ಹೆಸರು ಎಲ್ಲಾದರೂ ಕಿವಿಗೆ ಬಿದ್ದಿರಬೇಕಲ್ಲ.

ಆಟಗಾರರ ಕಡೆಯಿಂದ ನೋಡಿದರೆ ಇನ್ನೊಂದು ಕಥೆ. 1935ರ ಜನವರಿ 1ರಂದು ಪೂರ್ವ ತಂಡದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಹುಡುಗನೊಬ್ಬ ಆಡಿದ. ಹೆಸರು ಜೆರಾಲ್ಡ್ ಫೋರ್ಡ್. ಹೌದು, ಮುಂದೆ ಅಮೆರಿಕದ ಅಧ್ಯಕ್ಷರಾದವರೇ. ಅದಕ್ಕೆ ಕೆಲವೇ ತಿಂಗಳ ಹಿಂದೆ, ಜಾರ್ಜಿಯಾ ಟೆಕ್ ತಂಡ ಕಪ್ಪು ಆಟಗಾರನ ಎದುರು ಆಡುವುದಿಲ್ಲವೆಂದು ಹಟ ಹಿಡಿದಾಗ ಮಿಷಿಗನ್ ತನ್ನದೇ ಆಟಗಾರ ವಿಲಿಸ್ ವಾರ್ಡ್‌ನನ್ನು ಹೊರಗೆ ಕೂರಿಸಿತ್ತು. ಫೋರ್ಡ್ ಗೆಳೆಯನಿಗಾಗಿ ತುಂಬ ನೊಂದಿದ್ದರು. ಶ್ರೈನ್ ಪಂದ್ಯದ ನಂತರ ಗ್ರೀನ್ ಬೇ ಪ್ಯಾಕರ್ಸ್ ಎಂಬ ವೃತ್ತಿಪರ ತಂಡ ಪಂದ್ಯಕ್ಕೆ 110 ಡಾಲರ್‌ನಂತೆ ಕೊಡುತ್ತೇವೆ ಬಾ ಎಂದು ಅವರಿಗೆ ಕಾಗದ ಬರೆಯಿತು. ಅವರು ಬೇಡವೆಂದು ಯೇಲ್ ವಿಶ್ವವಿದ್ಯಾಲಯಕ್ಕೆ ಸಹಾಯಕ ತರಬೇತುದಾರರಾಗಿ ಹೋದರು, ಅಲ್ಲೇ ಕಾನೂನು ಓದಿದರು. ಗಮನಿಸು, ಆಗಲೇ ಈ ಪಂದ್ಯ ಕೆಲಸ ಕೊಡುವವರ ಕಣ್ಣಿಗೆ ಬೀಳುವ ಜಾಗವಾಗಿತ್ತು.

1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ ಪಶ್ಚಿಮ ಕರಾವಳಿಯಲ್ಲಿ ದೊಡ್ಡ ಜನಸಂದಣಿ ಬೇಡವೆಂದು ಸೇನೆ ಹೇಳಿತು. ಹೆಸರಾಂತ ಕಾಲೇಜು ಪಂದ್ಯ ರೋಸ್ ಬೌಲ್ ಉತ್ತರ ಕೆರೊಲಿನಾದ ಡರ್ಹಮ್‌ಗೆ ಹೋಯಿತು. ಶ್ರೈನ್ ಪಂದ್ಯ ನ್ಯೂ ಆರ್ಲಿಯನ್ಸ್‌ಗೆ ಹೋಗಿ 1942ರ ಜನವರಿ 3ರಂದು ನಡೆದು 6-6ರಲ್ಲಿ ಸಮವಾಯಿತು. ಯುದ್ಧದಲ್ಲೂ ತಪ್ಪದ ಪಂದ್ಯ ತಪ್ಪಿದ್ದು 2021ರಲ್ಲಿ, ಕೊರೊನಾದಿಂದ.

ಪೋಲಿಯೊ ಲಸಿಕೆ ಬಂದದ್ದು 1955ರಲ್ಲಿ. ಆಸ್ಪತ್ರೆ ಯಾಕೆ ಬೇಕೋ ಆ ಕಾರಣವೇ ಕರಗಿದರೆ ಎಷ್ಟೋ ಸಂಸ್ಥೆಗಳು ಹೆಸರಿಗಷ್ಟೇ ಉಳಿಯುತ್ತವೆ. ಇವರು ಸುಟ್ಟಗಾಯದ ಮಕ್ಕಳ ಕಡೆ ತಿರುಗಿದರು. 1960ರ ದಶಕದಲ್ಲಿ ಗ್ಯಾಲ್ವೆಸ್ಟನ್, ಸಿನ್ಸಿನಾಟಿ, ಬಾಸ್ಟನ್‌ಗಳಲ್ಲಿ ಅದಕ್ಕೆಂದೇ ಆಸ್ಪತ್ರೆಗಳಾದವು. ಶ್ರೈನರ್ಸ್ ಮಾಡಿದ ಎಲ್ಲದರಲ್ಲೂ ನನಗೆ ಹೆಚ್ಚು ಗೌರವ ಇರುವುದು ಈ ತೀರ್ಮಾನದ ಮೇಲೆ. 1970ರಲ್ಲಿ ಇಂಡಿಯಾನಾದ ಇವಾನ್ಸ್‌ವಿಲ್‌ನ ಮನರಂಜನಾ ಉದ್ಯಾನದಲ್ಲಿ ತೆಗೆದ ಫೋಟೊ ಒಂದಿದೆ: ಕೆಂಪು ಟೋಪಿಯ ಗಂಡಸೊಬ್ಬ ಬೆನ್ನು ಹಾಕಿ ನಡೆಯುತ್ತಿದ್ದಾನೆ, ಒಂದು ತೋಳಿನಲ್ಲಿ ಪುಟ್ಟ ಹುಡುಗಿ, ಇನ್ನೊಂದು ಕೈಯಲ್ಲಿ ಅವಳ ಊರುಗೋಲುಗಳು. ಅದೇ ಈಗ ಆ ಆಸ್ಪತ್ರೆಗಳ ಮುಂದಿನ ವಿಗ್ರಹ.

ಪಂದ್ಯಕ್ಕೆ ಬಂದ ಕಷ್ಟ ಬೇರೆ. 1950ರಲ್ಲಿ ಸೀನಿಯರ್ ಬೌಲ್ ಎಂಬ ಇಂಥದ್ದೇ ಇನ್ನೊಂದು ಪಂದ್ಯ ಶುರುವಾಗಿ, ಅಲಬಾಮಾದ ಮೊಬೈಲ್ ನಗರದಲ್ಲಿ ಬೇರೂರಿತು. ಹೆಸರುವಾಸಿ ಹುಡುಗರು ಕ್ರಮೇಣ ಅಲ್ಲಿಗೆ ಹೋದರು. ಶ್ರೈನ್‌ಗೆ ಉಳಿದದ್ದು ಎರಡನೆಯ ಸಾಲು. ಆದರೆ ಎರಡನೆಯ ಸಾಲಿನಲ್ಲೇ ಇರುವುದು ಸ್ವಾರಸ್ಯ. 2000ದ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ಕ್ರೀಡಾಂಗಣದಲ್ಲಿ, ಪಕ್ಕದ ಸ್ಯಾನ್ ಮಟೇಯೊದಲ್ಲಿ ಬೆಳೆದ ಟಾಮ್ ಬ್ರೇಡಿ ಎಂಬ ಹುಡುಗ ಇದರಲ್ಲಿ ಆಡಿದ. ಆ ವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವಾಗ, 198 ಮಂದಿ ಆದಮೇಲೆ ಅವನ ಹೆಸರು ಬಂತು. ಅವನು ಏಳು ಸೂಪರ್ ಬೌಲ್, ಅಂದರೆ ವೃತ್ತಿಪರ ಫುಟ್‌ಬಾಲ್‌ನ ವರ್ಷದ ಅಂತಿಮ ಪಂದ್ಯ, ಗೆದ್ದ. 2022ರಲ್ಲಿ ಲಾಸ್ ವೇಗಸ್‌ನಲ್ಲಿ ಆಡಿದ ಬ್ರಾಕ್ ಪರ್ಡಿ ಡ್ರಾಫ್ಟ್‌ನ ಕಟ್ಟಕಡೆಯವನು, 262ನೆಯವನು. ಎರಡೇ ಋತುವಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದ. ಕಡೆಯ ಸಾಲಿನ ಹುಡುಗರಿಗೆ ನೋಡುವವರು ಬೇಕು, ಆಸ್ಪತ್ರೆಗೂ ನೋಡುವವರು ಬೇಕು. ಈ ಎರಡು ಗರಜುಗಳು ಒಂದೇ ವಾರ ಒಂದೇ ಊರಿನಲ್ಲಿ ಸೇರುವುದರಿಂದಲೇ ಪಂದ್ಯ ಬದುಕಿದೆ ಎಂದು ನನಗನ್ನಿಸುತ್ತದೆ. ಈಗಂತೂ ಪಂದ್ಯಕ್ಕಿಂತ ಅದಕ್ಕೆ ಮುಂಚಿನ ಅಭ್ಯಾಸವನ್ನೇ ತಂಡಗಳ ಕಡೆಯವರು ಕಣ್ಣಿಟ್ಟು ನೋಡುತ್ತಾರೆ.

2006ರಲ್ಲಿ ಪಂದ್ಯ ಕ್ಯಾಲಿಫೋರ್ನಿಯಾ ಬಿಟ್ಟಿತು. ಸ್ಯಾನ್ ಆಂಟೋನಿಯೊ, ಹ್ಯೂಸ್ಟನ್, ಒರ್ಲಾಂಡೊ, ಸೇಂಟ್ ಪೀಟರ್ಸ್‌ಬರ್ಗ್, ಲಾಸ್ ವೇಗಸ್ ಎಂದು ನಾಟಕ ಕಂಪನಿಯಂತೆ ಊರೂರು ತಿರುಗಿ, 2024ರ ಫೆಬ್ರವರಿ 1ರಂದು ಫ್ರಿಸ್ಕೊಗೆ ಬಂತು. ನಮ್ಮ ಕಡೆಯವರು ತುಂಬಿಕೊಂಡಿರುವ ಡಲ್ಲಾಸ್ ಬಳಿಯ ಊರು ಇದು. ಅಂದು ಆಟ ನಡೆದ ಫೋರ್ಡ್ ಸೆಂಟರ್ ಹನ್ನೆರಡು ಸಾವಿರ ಜನ ಕೂರುವ ಒಳಾಂಗಣ. ಇಲ್ಲಿಯ ಹೈಸ್ಕೂಲ್ ಹುಡುಗರೂ ಅಲ್ಲೇ ಆಡುತ್ತಾರೆ. ಮರುವರ್ಷ ನೂರನೆಯ ಪಂದ್ಯ ಆರ್ಲಿಂಗ್ಟನ್‌ನ ದೈತ್ಯ ಕ್ರೀಡಾಂಗಣದಲ್ಲಾಯಿತು.

ಒಳ್ಳೆಯದನ್ನಷ್ಟೇ ಹೇಳಿದರೆ ನಿನ್ನ ಹಿರಿಯರು ನಂಬುವುದಿಲ್ಲ, ನಂಬಲೂಬಾರದು. ಮಕ್ಕಳ ಮೂಳೆ ಸರಿಪಡಿಸಲು ಮೂಳೆ ಮುರಿಯುವ ಆಟ ಆಡಿಸುವುದು ನನಗೆ ಇಂದಿಗೂ ಇರುಸುಮುರುಸು. ತಲೆಗೆ ಪೆಟ್ಟು ಬಿದ್ದೂ ಬಿದ್ದೂ ಫುಟ್‌ಬಾಲ್ ಆಟಗಾರರ ಮಿದುಳು ಹಾಳಾಗುವ ಸಂಗತಿ ಈಗ ಗುಟ್ಟಲ್ಲ. ಹಣದ ಮಾತೂ ಇದೆ. ಶ್ರೈನರ್ಸ್ ಹೆಸರಿನಲ್ಲಿ ಸರ್ಕಸ್ಸುಗಳೂ ನಡೆಯುತ್ತಿದ್ದವು. ಆ ಹಣದಲ್ಲಿ ಬಹುಪಾಲು ಆಸ್ಪತ್ರೆ ತಲುಪದೆ ಶಾಖೆಗಳ ಸ್ವಂತ ಖರ್ಚಿಗೇ ಹೋಗುತ್ತಿದೆಯೆಂದು ಒರ್ಲಾಂಡೊ ಸೆಂಟಿನೆಲ್ ಪತ್ರಿಕೆ 1986ರಲ್ಲಿ ಲೆಕ್ಕ ಬಿಡಿಸಿ ಬರೆಯಿತು. ಟಿಕೆಟ್ ಕೊಂಡವರು ಮಾತ್ರ ಮಕ್ಕಳಿಗೇ ಕೊಟ್ಟೆವೆಂದುಕೊಂಡಿದ್ದರು. 2008ರ ಆರ್ಥಿಕ ಕುಸಿತದ ಪೆಟ್ಟು ತಿಂದ ಮೇಲೆ ಆಸ್ಪತ್ರೆಗಳು ವಿಮೆ ಇದ್ದವರಿಂದ ವಿಮೆಯ ಹಣ ಪಡೆಯತೊಡಗಿದವು. ಕೈಲಾಗದವರ ಮಕ್ಕಳನ್ನು ವಾಪಸ್ ಕಳಿಸುವುದಿಲ್ಲವೆಂಬ ಮಾತು ಹಾಗೇ ಇದೆ.

ಆದ್ದರಿಂದ ನಿನ್ನ ಪಂದ್ಯಾವಳಿಗೆ ನನ್ನ ಕೋರಿಕೆ ಎರಡೇ. ಆಟಗಾರರನ್ನು ಅಂಕಣಕ್ಕೆ ಇಳಿಸುವ ಮುನ್ನ ಆ ಫಿಸಿಯೋಥೆರಪಿ ಕೋಣೆಗೆ ಕರೆದುಕೊಂಡು ಹೋಗು, ಬರೀ ಫೋಟೊಗಲ್ಲ, ಅರ್ಧ ಗಂಟೆ ಕೂತುಬರಲಿ. ಎರಡನೆಯದು, ಶಾಮಿಯಾನ, ಬಹುಮಾನ, ಊಟ ಇವುಗಳ ಖರ್ಚಿಗೆ ಪ್ರಾಯೋಜಕರನ್ನು ಬೇರೆ ಹುಡುಕು. ಆಸ್ಪತ್ರೆಯ ಹೆಸರು ಹೇಳಿ ಪಡೆದ ರೂಪಾಯಿ ಆಸ್ಪತ್ರೆಗೇ ಹೋಗಲಿ, ಲೆಕ್ಕವನ್ನು ಗ್ರಾಮ ಪಂಚಾಯಿತಿ ಫಲಕದಲ್ಲಿ ಅಂಟಿಸು. ಇಲ್ಲಿಯ ನಾಲ್ಕಾರು ಮಂದಿ ಕನ್ನಡಿಗರು ಕೈಜೋಡಿಸಲು ಸಿದ್ಧರಿದ್ದಾರೆ. ಆದರೆ ಬ್ಯಾಂಕ್ ಖಾತೆ ಸಂಘದ ಹೆಸರಿನಲ್ಲಿದೆಯೋ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಹೆಸರಿನಲ್ಲಿದೆಯೋ? ಎರಡನೆಯದಾದರೆ ಈ ತಿಂಗಳೇ ಕಳಿಸುತ್ತೇವೆ. ಮೊದಲನೆಯದಾದರೆ, ಬೇಸರ ಮಾಡಿಕೊಳ್ಳಬೇಡ, ಬದಲಾಯಿಸಿದ ಮೇಲೆ ಬರೆ.

ನಿನ್ನ ಗೆಳೆಯ