ಕಾಡಿನ ದಾರ್ಯಾಗ ಗಾಡಿ ಇಳೀಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ,

ಹೋದ ಮೇ ತಿಂಗಳದಾಗ ನಾನು, ನಮ್ಮ ಮನಿಯವರು ದಕ್ಷಿಣ ಆಫ್ರಿಕಾಕ್ಕ ಹೋಗಿದ್ವಿ, ಮಗ ಜೋಹಾನ್ಸ್‌ಬರ್ಗ್‌ನ್ಯಾಗ ನೌಕರಿ ಮಾಡ್ತಾನ, ಅವಂದ ಕಾರಿನ್ಯಾಗ ಕ್ರೂಗರ್ ನ್ಯಾಷನಲ್ ಪಾರ್ಕಿಗೆ ಕರಕೊಂಡು ಹೋದ. ಜೀಪಿಲ್ಲ, ಗೈಡಿಲ್ಲ. ನಮ್ಮ ಓಣ್ಯಾಗ ನಿಂತಿರ್ತಾವಲ್ಲ ಅಂಥಾದ ಸಣ್ಣ ಕಾರು. 1926ರಾಗ ಆದ ಪಾರ್ಕದು, ಉದ್ದನ ಸುಮಾರು 350 ಕಿಲೋಮೀಟರ್, ಹುಬ್ಬಳ್ಳಿಂದ ತುಮಕೂರು ತನಕ ಬರೇ ಕಾಡು ಅಂತ ತಿಳಕೋರಿ.

ಸಿಂಹ ಆನಿ ಓಡಾಡೂ ಕಾಡಿನ್ಯಾಗ ಮಂದೀನ್ನ ಅವರವರ ಕಾರಿನ್ಯಾಗ ಹೆಂಗ ಬಿಡ್ತಾರ ಅಂತ ನನಗ ಮದ್ಲ ಅಂಜಿಕಿನ ಆತು. ನೋಡಿದ ಮ್ಯಾಲ ಗೊತ್ತಾತು, ಎಲ್ಲಾ ನಿಂತಿದ್ದು ರೂಲ್ಸ್ ಮ್ಯಾಲ. ಡಾಂಬರ ರಸ್ತೇದಾಗ 50, ಮಣ್ಣಿನ ದಾರ್ಯಾಗ 40, ಅದರ ಮ್ಯಾಲ ಸ್ಪೀಡ್ ಹೋಗೂಹಂಗಿಲ್ಲ. ಗುರ್ತು ಮಾಡಿದ ಜಾಗಾ ಬಿಟ್ರ ಎಲ್ಲೂ ಇಳಿಯೂಹಂಗಿಲ್ಲ, ಯಾವ ಪ್ರಾಣಿಗೂ ಏನೂ ತಿನ್ನಾಕ ಹಾಕೂಹಂಗಿಲ್ಲ. ಮೇದಾಗ ಸಂಜಿ 5.30ಕ್ಕ ಮಂದಿ ರಾತ್ರಿ ಉಳಕೊಳ್ಳೂ ಕ್ಯಾಂಪಿನ ಗೇಟ್ ಹಾಕ್ತಾರ, ಅಷ್ಟರಾಗ ಒಳಗ ಬಂದಿರಬೇಕು, ತಡಾ ಆದ್ರ ದಂಡ. ಆನಿ ಲದ್ದಿ ಮ್ಯಾಲೂ ಮಗ ಗಾಡಿ ಹಾಯಸ್ಲಿಲ್ಲ, ಅದರಾಗ ಸಗಣಿಹುಳ ಇರ್ತಾವವ್ವ ಅಂದ.

ಸ್ಕುಕುಜಾ ಕ್ಯಾಂಪಿಂದ ಲೋವರ್ ಸಾಬಿ ಕ್ಯಾಂಪಿಗೆ ಹೋಗೂ ದಾರಿ ಸಾಬಿ ನದಿ ದಂಡಿಗುಂಟನ ಐತಿ. ಅಲ್ಲಿ ಆನಿ ಹಿಂಡು ರಸ್ತೆ ದಾಟಾಕತ್ತಿತ್ತು. ಮಗ ದೂರನ ನಿಲ್ಲಿಸಿದ. ಮರಿ ಆನಿ ಒಂದು ನಡು ರಸ್ತೇದಾಗ ನಿಂತ್ಕೊಂಡು ಸೊಂಡಿ ಆಡಿಸ್ಕೋತ ಇತ್ತು, ತಾಯಿ ನಮ್ಮ ಕಡೆ ಕಿವಿ ಅಗಲ ಮಾಡಿ ನೋಡ್ತು, ನಮ್ಮ ಮನಿಯವರು ಉಸರ ಹಿಡಕೊಂಡು ಕುಂತಿದ್ರು. ಮಗ ಸಾವಕಾಶ ರಿವರ್ಸ್ ತಗೊಂಡ, ಹಿಂದಿನವರೂ ತಾವಾಗೇ ಹಿಂದ ಸರದ್ರು. ಅರ್ಧಾ ತಾಸು ನಿಂತ್ವಿ, ಏಳೆಂಟು ಗಾಡಿ ಇದ್ರೂ ಒಬ್ಬರೂ ಹಾರ್ನ್ ಹೊಡೀಲಿಲ್ಲ. ಆ ಅರ್ಧಾ ತಾಸು ನನಗ ಇನ್ನೂ ಮರ್ತಿಲ್ಲ.

ಇದನ್ನ ಯಾಕ ಬರದೆ ಅಂದ್ರ, ಊರಿಗೆ ಬಂದ ಮ್ಯಾಲ ಒಂದು ಆಯ್ತಾರ ಧಾರವಾಡದಿಂದ ಹಳಿಯಾಳ ಮ್ಯಾಲೆ ದಾಂಡೇಲಿ, ಗಣೇಶಗುಡಿ ಕಡೆ ಹೋಗಿದ್ವಿ. ಅದೂ ಕಾಳಿ ಹುಲಿ ಕಾಡಿನ ಸೀಮಿನ, ಕರೇ ಚಿರತಿ, ಮಂಗಟ್ಟೆ ಹಕ್ಕಿ ಇರೂ ಜಾಗಾ. ಅಲ್ಲಿ ನಾವೆಲ್ಲಾರೂ ನಮ್ಮ ನಮ್ಮ ಗಾಡ್ಯಾಗನ ಕಾಡು ಹಾಯ್ತೀವಿ, ಸೆಲ್ಫ್ ಡ್ರೈವ್ ಸಫಾರಿ ಅಂದ್ರ ಮತ್ತೇನ್ರಿ? ಆದ್ರ ಕಂಡಲ್ಲೆ ಗಾಡಿ ನಿಲ್ಲಿಸಿ ಇಳ್ಯೂದು, ಡೋರ್ ತಗದು ಸ್ಪೀಕರ್ ಹಚ್ಚೂದು, ಮಂಗ್ಯಾಗೋಳಿಗೆ ಚಿಪ್ಸ್ ಚುರಮರಿ ಒಗ್ಯೂದು. ಸಣ್ಣ ಹುಡುಗನ ಕೈಯಾಗ ಬಿಸ್ಕಿಟ್ ಕೊಟ್ಟು ಮಂಗ್ಯಾನ ಮುಂದ ನಿಲ್ಲಿಸಿ ವಿಡಿಯೊ ಮಾಡಾಕತ್ತಿದ್ರು, ಬ್ಯಾಡ್ರೆಪಾ ಅಂದ್ರ ನನ್ನ ಮ್ಯಾಲೇ ಸಿಟ್ಟಾದ್ರು. ಹಿಂಗ ಕೊಟ್ಟು ಕೊಟ್ಟು ಅವು ರಸ್ತೆ ಮ್ಯಾಲೇ ಕುಂತಿರ್ತಾವ, ಆಮ್ಯಾಲ ಗಾಡಿ ಕೆಳಗ ಸಿಗ್ತಾವ.

ಕ್ರೂಗರ್‌ದಾಗ ನಡುನಡುವ ಗಿಡಾ ಗಂಟಿ ಇರೂ ಹುಲ್ಲುಗಾವಲು, ನಮ್ಮ ಕಾಡಿನಕಿಂತ ದೂರದ್ದು ಕಾಣಸ್ತೈತಿ. ನಮ್ಮದು ದಟ್ಟ ಕಾಡು, ಒಳಗ ಇಲಾಖೆ ಜೀಪಿನ್ಯಾಗ ಹೋಗೂದ ಬರೋಬ್ಬರಿ, ಅದನ್ನ ಬದಲ್ ಮಾಡ್ರಿ ಅಂತ ನಾ ಹೇಳೂದಿಲ್ಲ. ನಾ ಕೇಳೂದು ರಸ್ತೆ ಬಗ್ಗೆ. ಕಾಡು ಶುರು ಆಗೂ ಕಡೆ ಟೈಮ್ ಬರದ ಚೀಟಿ ಕೊಡ್ರಿ, ಆ ಕಡೆ ತುದ್ಯಾಗ ಅದನ್ನ ನೋಡಿ ಲಗೂ ಬಂದವರಿಗೆ, ಅಂದ್ರ ಜೋರ್ ಹೊಡದವರಿಗೆ, ದಂಡ ಹಾಕ್ರಿ. ಇಳ್ಯಾಕ ಅಂತ ಎರಡು ಮೂರು ಜಾಗಾ ಮಾಡಿ ಬೋರ್ಡ್ ಹಚ್ಚ್ರಿ, ಉಳದಲ್ಲೆ ಯಾರೂ ಬಾಗಲಾ ತಗೀಬಾರದು. ಮಳಿಗಾಲದ ರಶ್ ಶುರು ಆಗೂ ಮದ್ಲ ಇಷ್ಟರ ಆಗ್ಲಿ.

– ನಿವೃತ್ತ ಶಿಕ್ಷಕಿ, ಧಾರವಾಡ