ಎದೆಯುರಿ ಅಲ್ಲ ಅಪ್ಪ, ಗಂಟಲಲ್ಲಿ ನಿಲ್ಲುತ್ತದೆ ಅಂದಿರಲ್ಲ, ಅದು

ಲೆಸ್ಟರ್, ಇಂಗ್ಲೆಂಡ್

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ಹೇಳಿದರೆ ನೀವು "ಆಯ್ತು ಆಯ್ತು, ನಿಂದು ಊಟ ಆಯ್ತಾ?" ಅಂತ ಮಾತು ತಿರುಗಿಸುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನಿಗೂ ಓದಿ ಹೇಳಿ.

ನಿಮ್ಮ ಎದೆಯುರಿ ನಮಗೆ ಹೊಸದಲ್ಲ. ರಾತ್ರಿ ಯಕ್ಷಗಾನದ ಆಟ ನೋಡಿ, ಅಲ್ಲೇ ಗೋಳಿಬಜೆ ಚಾ ಮುಗಿಸಿ, ಮನೆಗೆ ಬಂದ ಕೂಡಲೇ ಅಡ್ಡಾದರೆ ಹುಳಿತೇಗು ಬರದೆ ಎಂತ ಬರುತ್ತದೆ? ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಒಂದು ಬಿಗಿಯಾದ ಸ್ನಾಯು ಉಂಟು. ಅದು ಸಡಿಲವಾದರೆ ಹೊಟ್ಟೆಯ ಆಸಿಡ್ ಮೇಲೆ ಬರುತ್ತದೆ, ಮಲಗಿದರೆ ಇನ್ನೂ ಸುಲಭವಾಗಿ ಬರುತ್ತದೆ. ಊಟ ಆಗಿ ಮೂರು ಗಂಟೆ ಬಿಟ್ಟು ಮಲಗಿ, ಎಡಮಗ್ಗುಲಿಗೆ. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿ ಎತ್ತರಕ್ಕೆ ಮರದ ತುಂಡು ಇಡಿ. ದಿಂಬಿನ ಮೇಲೆ ದಿಂಬು ಇಟ್ಟರೆ ಕುತ್ತಿಗೆ ನೋವು ಬರುತ್ತದೆ ಅಷ್ಟೇ. ಇಷ್ಟಕ್ಕೆಲ್ಲ ನಾನು ಪತ್ರ ಬರೆಯುತ್ತಿರಲಿಲ್ಲ.

ಮೊನ್ನೆ ನೀವು ಮೀನಿನ ರೇಟು ಹೇಳಿದ ಹಾಗೆ ಒಂದು ಮಾತು ಹೇಳಿ ಮುಂದೆ ಹೋದಿರಿ. "ಈಗ ಕೋರಿ ರೊಟ್ಟಿ ಗಂಟಲಲ್ಲಿ ನಿಲ್ಲುತ್ತದೆ ಮಾರಾಯ್ತಿ, ನೀರು ಕುಡಿದರೆ ಇಳಿಯುತ್ತದೆ" ಅಂತ. ಆಮೇಲೆ ಅಮ್ಮ ಫೋನು ತೆಗೆದುಕೊಂಡು, ನಿಮ್ಮ ಶರ್ಟುಗಳೆಲ್ಲ ದೊಗಲೆ ಆಗಿವೆ ಅಂದರು. ನನಗೆ ಮಂಡೆಬಿಸಿ ಆದದ್ದು ಅಲ್ಲಿ. ಉರಿ ಎಷ್ಟೇ ಇರಲಿ, ಅದು ಬೇರೆ. ನುಂಗಲು ಕಷ್ಟ, ಡಯಟ್ ಮಾಡದೆ ತೂಕ ಇಳಿಯುವುದು, ಇವೆರಡಕ್ಕೆ ಜೀರಿಗೆ ಕಷಾಯವೂ ಬೇಡ, ಪುನರ್ಪುಳಿ ಶರಬತ್ತೂ ಬೇಡ. ಡಾಕ್ಟರ್ ನೋಡಬೇಕು.

ಇಲ್ಲಿ ಹೆಚ್ಚಿನ ದಿನ ಎದೆಯುರಿ ಬಂದು ಮೂರು ವಾರ ಆದರೆ ಡಾಕ್ಟರ್ ಹತ್ತಿರ ಹೋಗಿ ಅನ್ನುತ್ತಾರೆ. ನುಂಗಲು ಕಷ್ಟ ಅಂದರೆ ಲೆಕ್ಕವೇ ಬೇರೆ. ವಯಸ್ಸು ಎಷ್ಟೇ ಇರಲಿ, ಎರಡು ವಾರದೊಳಗೆ ಎಂಡೋಸ್ಕೋಪಿ (ಗಂಟಲಿನಿಂದ ಕ್ಯಾಮೆರಾ ಪೈಪು ಇಳಿಸಿ ಒಳಗೆ ನೋಡುವುದು) ಮಾಡಿಸಬೇಕು ಅಂತ ಇಲ್ಲಿನ ಡಾಕ್ಟರುಗಳಿಗೆ ಇರುವ ಮಾರ್ಗಸೂಚಿಯೇ ಹೇಳುತ್ತದೆ. ಕಾರಣ ಹಲವು ಇರಬಹುದು. ವರ್ಷಗಟ್ಟಲೆ ಆಸಿಡ್ ತಾಗಿ ಅನ್ನನಾಳದಲ್ಲಿ ಹುಣ್ಣಾಗಿ, ಅದು ಮಾಗುವಾಗ ದಾರಿ ಕಿರಿದಾಗಿರಬಹುದು. ಹಾಗಾದರೆ ಎಂಡೋಸ್ಕೋಪಿಯಲ್ಲೇ ಬಲೂನು ಹಾಕಿ ಅಗಲ ಮಾಡುತ್ತಾರೆ. ಕ್ಯಾನ್ಸರ್ ಕೂಡ ಇರಬಹುದು, ಅದನ್ನು ನಿಮ್ಮಿಂದ ಮುಚ್ಚಿಟ್ಟು ಎಂತ ಪ್ರಯೋಜನ? ಯಾವುದು ಅಂತ ಹೊರಗಿನಿಂದ ಹೊಟ್ಟೆ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲ.

ಮಾತ್ರೆ ತಗೊಂಡರೆ ಉರಿ ಕಡಿಮೆ ಆಗುತ್ತದೆ ಅಂತ ನೀವು ಹೇಳುವುದು ಸರಿ. ಅದೇ ತೊಂದರೆ ಕೂಡ. ಮೆಡಿಕಲ್‌ನಿಂದ ಪ್ಯಾನ್ 40 ಸ್ಟ್ರಿಪ್ ಮೇಲೆ ಸ್ಟ್ರಿಪ್ ತರಿಸಿ ನುಂಗುತ್ತಾ ಇದ್ದರೆ ಆಸಿಡ್ ಇಳಿಯುತ್ತದೆ, ಒಳಗೆ ಏನಾಗಿದೆ ಅನ್ನುವುದು ಮಾತ್ರ ಮುಚ್ಚಿಹೋಗುತ್ತದೆ. ಅಂದಹಾಗೆ ಅದನ್ನು ಊಟ ಆದ ಮೇಲೆ ಅಲ್ಲ, ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ತಗೊಳ್ಳಬೇಕು. ಈ ಪತ್ರ ಓದಿ ಕೋಪ ಬಂದು ಒಮ್ಮೆಲೇ ಬಿಟ್ಟುಬಿಡಬೇಡಿ, ಉರಿ ಇನ್ನೂ ಜಾಸ್ತಿ ಆಗಬಹುದು. ಡಾಕ್ಟರನ್ನೇ ಕೇಳಿ.

ಮಂಡಿನೋವಿಗೆ ತಗೊಳ್ಳುವ ಡೈಕ್ಲೋಫೆನಾಕ್ ಸಂಗತಿಯನ್ನೂ ಹೇಳಿ. ಇಂಥ ನೋವಿನ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರಬಹುದು. ಬಿಪಿಯ ಆಮ್ಲೋಡಿಪಿನ್ ಕೆಲವರಲ್ಲಿ ಅನ್ನನಾಳದ ಕೆಳಗಿನ ಆ ಸ್ನಾಯುವನ್ನು ಸಡಿಲ ಮಾಡುತ್ತದೆ, ಆದರೆ ಅದನ್ನು ನೀವಾಗಿ ನಿಲ್ಲಿಸುವ ಹಾಗಿಲ್ಲ. ಎಲ್ಲಾ ಸ್ಟ್ರಿಪ್‌ಗಳನ್ನು ಒಂದು ತೊಟ್ಟೆಯಲ್ಲಿ ಹಾಕಿಕೊಂಡು ಹೋದರೆ ಸಾಕು, ಹೆಸರು ನೆನಪಿಡುವ ಕಷ್ಟ ಬೇಡ.

ಅಮ್ಮಾ, ಇದು ನಿಮಗೆ. ಅಪ್ಪನಿಗೆ ಮಲ ಡಾಂಬರಿನ ಹಾಗೆ ಕಪ್ಪಗೆ ಹೋದರೆ, ಅಥವಾ ವಾಂತಿಯಲ್ಲಿ ರಕ್ತ ಇಲ್ಲವೇ ಕಾಫಿ ಚರಟದಂಥದ್ದು ಬಂದರೆ, ಬೆಳಗಾಗಲಿ ಅಂತ ಕಾಯಬೇಡಿ. ಎದೆ ಭಾರವಾಗಿ, ಬೆವರು ಬಂದು, ನೋವು ಕೈಗೋ ದವಡೆಗೋ ಹರಿದರೆ, ಉಸಿರು ಕಟ್ಟಿದರೆ, ಅದನ್ನು ಗ್ಯಾಸ್ಟ್ರಿಕ್ ಅಂತ ಈನೋ ಕುಡಿಸುತ್ತಾ ಕೂರಬೇಡಿ, ಕೂಡಲೇ 108ಕ್ಕೆ ಫೋನು ಮಾಡಿ. ನಿಮಗೂ ಶುಗರ್ ಉಂಟು, ಶುಗರ್ ಇದ್ದವರಿಗೆ ಹಾರ್ಟ್ ಅಟ್ಯಾಕ್ ಆದರೂ ನೋವು ಸರಿಯಾಗಿ ಗೊತ್ತಾಗದೆ ಇರಬಹುದು. ಬರೀ ಸುಸ್ತು, ವಾಕರಿಕೆ ಅಷ್ಟೇ ಇರಬಹುದು.

ಎಂಡೋಸ್ಕೋಪಿ ಅಂದರೆ ಅಪ್ಪನಿಗೆ ಹೆದರಿಕೆ ಅಂತ ಗೊತ್ತು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳಗಿನ ಪೈಪು ಇಳಿಸುತ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ. ವಾಕರಿಕೆ ಬರುತ್ತದೆ, ಬರುವುದಿಲ್ಲ ಅಂತ ಸುಮ್ನೆ ಸುಳ್ಳು ಹೇಳುವುದಿಲ್ಲ. ಮಂಪರಿನ ಇಂಜೆಕ್ಷನ್ ಕೇಳಿದರೆ ಕೊಡುತ್ತಾರೆ, ಆಗ ಆ ದಿನ ಸ್ಕೂಟರ್ ಮುಟ್ಟುವ ಹಾಗಿಲ್ಲ. ತಮ್ಮ ಜೊತೆಗೆ ಹೋಗಲಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಎಷ್ಟು ಗಂಟೆ ಮೊದಲು ಊಟ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ನಮ್ಮ ಕಾಪುವಿನಿಂದ ಮಣಿಪಾಲದ ಆಸ್ಪತ್ರೆ ಎಷ್ಟು ದೂರ ಹೇಳಿ? ಆಟಕ್ಕೆ ಇದಕ್ಕಿಂತ ದೂರ ಹೋಗುತ್ತೀರಿ ನೀವು.

ತಮ್ಮನಿಗೆ ಹೇಳಿದ್ದೇನೆ, ಈ ವಾರದಲ್ಲೇ ಡಾಕ್ಟರ ದಿನ ಕೇಳಿ ನನಗೆ ವಾಟ್ಸಾಪ್ ಮಾಡಲು. ಅಲ್ಲಿಯವರೆಗೆ ಒಣ ರೊಟ್ಟಿ ಬೇಡ, ಗಂಜಿ ಊಟ ಮಾಡಿ. ಖರ್ಚಿನ ಮಾತು ತೆಗೆಯಬೇಡಿ, ದುಡ್ಡು ತಮ್ಮನ ಅಕೌಂಟಿಗೆ ಹಾಕಿ ಆಗಿದೆ.

ನಿಮ್ಮ ಮಗಳು