ಮಾಹಿತಿ ನೀತಿಯ ಪ್ರಬಂಧ ಸ್ಪರ್ಧೆ ಕನ್ನಡದಲ್ಲೂ ನಡೆಯಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ 1972ರಿಂದ ನಡೆದುಬಂದಿರುವ ದೂರಸಂಪರ್ಕ ನೀತಿ ಸಂಶೋಧನಾ ಸಮ್ಮೇಳನವು ಸಂವಹನ ಮತ್ತು ಮಾಹಿತಿ ನೀತಿಯನ್ನು, ಅಂದರೆ ದೂರವಾಣಿ, ಇಂಟರ್‌ನೆಟ್, ಮಾಹಿತಿ ಇವುಗಳ ಬಳಕೆಯ ನಿಯಮಗಳನ್ನು ಕುರಿತು ಸ್ನಾತಕೋತ್ತರ ಹಾಗೂ ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಪ್ರಬಂಧ ಸ್ಪರ್ಧೆ ನಡೆಸುತ್ತದೆ. ಗೆದ್ದವರು ಅರ್ಥಶಾಸ್ತ್ರಜ್ಞರು, ಕಾನೂನು ಬಲ್ಲವರು, ಎಂಜಿನಿಯರುಗಳು, ನೀತಿ ರೂಪಿಸುವ ಅಧಿಕಾರಿಗಳು ಸೇರಿದ ಸಭೆಯಲ್ಲಿ ತಮ್ಮ ಪ್ರಬಂಧ ಮಂಡಿಸುತ್ತಾರೆ. ಕಲಬುರಗಿಯಲ್ಲಿ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ಹಲವು ವರ್ಷ ಪಾಠ ಹೇಳಿದ ನನಗೆ, ಅಂಥದೊಂದು ಸ್ಪರ್ಧೆ ನಮ್ಮ ಭಾಗದಲ್ಲಿ, ಅದೂ ಕನ್ನಡದಲ್ಲಿ, ನಡೆಯಲೇಬೇಕು ಎನ್ನಿಸುತ್ತದೆ.

ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಿಂದ ಬಂದಿದ್ದ ನನ್ನ ವಿದ್ಯಾರ್ಥಿನಿಯೊಬ್ಬಳು, ಒಂದು ತಿಂಗಳ ಪಡಿತರ ಹಂಚುವಷ್ಟೂ ದಿನ ತನ್ನೂರಿನ ನ್ಯಾಯಬೆಲೆ ಅಂಗಡಿಯ ಮುಂದೆ ಕುಳಿತು ಬರೆದ ಪ್ರಬಂಧವನ್ನು ನಾನು ಮರೆತಿಲ್ಲ. ನೆಟ್‌ವರ್ಕ್ ಸಿಗದಿದ್ದಾಗ ಅಂಗಡಿಯವರು ಹೆಬ್ಬೆಟ್ಟಿನ ಯಂತ್ರ ಹಿಡಿದು ಮಾಳಿಗೆ ಹತ್ತುತ್ತಿದ್ದರು. ತೊಗರಿ ರಾಶಿಯ ಕೂಲಿಗೆ ಹೋಗಿ ಹೋಗಿ ಬೆರಳಿನ ಗೆರೆ ಸವೆದಿದ್ದ ಮುದುಕಿಯೊಬ್ಬರು ಅವರ ಹಿಂದೆಯೇ ಮೆಟ್ಟಿಲು ಹತ್ತಿ, ಸೆರಗಿನಿಂದ ಬೆರಳು ಒರೆಸಿಕೊಂಡು ಮತ್ತೆ ಮತ್ತೆ ಒತ್ತಿ, ಕೊನೆಗೆ ‘ಇವತ್ತ ಸರ್ವರ್ ಇಲ್ಲ ಯವ್ವಾ, ನಾಳಿ ಬಾ’ ಎಂಬ ಮಾತು ಕೇಳಿ ಖಾಲಿ ಚೀಲ ಮಡಚಿಕೊಂಡು ಇಳಿಯುತ್ತಿದ್ದರು. ಯಾರು ಎಷ್ಟು ಸಲ ಹೀಗೆ ಮರಳಿದರು, ಅದರಿಂದ ಎಷ್ಟು ದಿನದ ಕೂಲಿ ಕಳೆದುಕೊಂಡರು ಎಂಬುದನ್ನು ಆಕೆ ಮನೆಮನೆಗೆ ಹೋಗಿ ಕೇಳಿ ಬರೆದಿದ್ದಳು. ರಾಷ್ಟ್ರೀಯ ವಿಚಾರ ಸಂಕಿರಣವೊಂದಕ್ಕೆ ಕಳುಹಿಸಿದ ಆ ಪ್ರಬಂಧ, ಇಂಗ್ಲಿಷಿನಲ್ಲಿ ಇಲ್ಲವೆಂಬ ಒಂದೇ ಕಾರಣಕ್ಕೆ ತಿರುಗಿ ಬಂತು.

ಇದು ಆ ಹುಡುಗಿಯೊಬ್ಬಳಿಗಾದ ನಷ್ಟವಲ್ಲ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ನಿಯಮ ಮಾಡುವ ಮುನ್ನ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಆಯ್ದ ಜಾಲತಾಣಗಳನ್ನು ಮಾತ್ರ ಪುಕ್ಕಟೆಯಾಗಿ ಅಥವಾ ಬೇರೆ ದರದಲ್ಲಿ ಒದಗಿಸುವುದನ್ನು ಅದು 2016ರ ಫೆಬ್ರುವರಿಯಲ್ಲಿ ನಿರ್ಬಂಧಿಸಿದ್ದು, ದೇಶದೆಲ್ಲೆಡೆಯಿಂದ ಪರ–ವಿರೋಧವಾಗಿ ಲಕ್ಷಾಂತರ ಅಭಿಪ್ರಾಯಗಳು ಬಂದ ಮೇಲೆ. ಇಂಥ ಚರ್ಚೆಗಳಲ್ಲಿ ಮಾಳಿಗೆ ಹತ್ತಿದ ಆ ಮುದುಕಿಯ ಕಷ್ಟವನ್ನು ಲೆಕ್ಕಸಮೇತ ಮುಂದಿಡಬಲ್ಲವರು ನಮ್ಮ ಊರುಗಳಿಂದಲೇ ತಯಾರಾಗಬೇಕು.

ವಿಷಯಗಳಿಗೇನೂ ಬರವಿಲ್ಲ. ಇಂಟರ್‌ನೆಟ್ ಸ್ಥಗಿತಗೊಳಿಸುವ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲದವರೆಗೆ ಸ್ಥಗಿತಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿತು. ಅಂಥ ಆದೇಶ ಜನರಿಗೆ ಕನ್ನಡದಲ್ಲಿ ಸಿಗುತ್ತದೆಯೇ ಎಂದು ಒಬ್ಬರು ಹುಡುಕಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕು ಕಾಯ್ದೆಯಲ್ಲಿ ವೈಯಕ್ತಿಕ ಮಾಹಿತಿಯನ್ನು ಯಾವಾಗ ನಿರಾಕರಿಸಬಹುದು ಎಂದು ಹೇಳುವ 8(1)(ಜೆ) ಕಲಮನ್ನೇ ತಿದ್ದಿದೆ. ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ ಕೇಳಿದ ಕೂಲಿಕಾರರಿಗೆ ‘ವೈಯಕ್ತಿಕ ಮಾಹಿತಿ’ ಎಂದು ಹೇಳಿ ಬಾಗಿಲು ಮುಚ್ಚುವ ಅಪಾಯ ಇದರಲ್ಲಿದೆ ಎಂಬುದು ನನ್ನ ಆತಂಕ. ಅದನ್ನು ಪರಿಶೀಲಿಸುವ ಪ್ರಬಂಧ ಇಂದು ತುರ್ತಾಗಿ ಬೇಕಾಗಿದೆ.

1980ರಿಂದ ಇರುವ ಗುಲಬರ್ಗಾ ವಿಶ್ವವಿದ್ಯಾಲಯವೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಕೂಡಿ ಮನಸ್ಸು ಮಾಡಿದರೆ, ಬೀದರ್ ಮತ್ತು ಯಾದಗಿರಿಯ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ವರ್ಷಕ್ಕೊಮ್ಮೆ ಈ ಸ್ಪರ್ಧೆ ನಡೆಸುವುದು ಕಷ್ಟವಲ್ಲ. ಖರ್ಚಿಗೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯನ್ನು ಕೇಳಬಹುದು. ಪ್ರವೇಶ ಶುಲ್ಕ ಬೇಡ. ವಿದ್ಯಾರ್ಥಿಯ ಹೆಸರು, ಕಾಲೇಜು, ಮಾರ್ಗದರ್ಶಕರ ಹೆಸರು ಯಾವುದೂ ತೀರ್ಪುಗಾರರಿಗೆ ಕಾಣದಂತಿರಲಿ. ಇಲ್ಲವಾದರೆ ಬಹುಮಾನ ಯಾರ ಪಾಲಾಗುತ್ತದೆಂಬುದು ಈ ವೃತ್ತಿಯಲ್ಲಿದ್ದವರಿಗೆಲ್ಲ ಗೊತ್ತು. ಆಯ್ಕೆಯಾದ ಪ್ರಬಂಧಗಳನ್ನು ವಿಶ್ವವಿದ್ಯಾಲಯವೇ ಇಂಗ್ಲಿಷಿಗೆ ಅನುವಾದ ಮಾಡಿಸಿ, ಸಂಬಂಧಪಟ್ಟ ಇಲಾಖೆಗೂ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರಕ್ಕೂ ಕಳುಹಿಸಿಕೊಡಲಿ. ಮುಂದಿನ ಶೈಕ್ಷಣಿಕ ವರ್ಷಕ್ಕೇ ಇದು ಆರಂಭವಾಗಲೆಂದು ಎರಡೂ ವಿಶ್ವವಿದ್ಯಾಲಯಗಳ ಕುಲಪತಿಗಳನ್ನು ಕೋರುತ್ತೇನೆ.

– ನಿವೃತ್ತ ಪತ್ರಿಕೋದ್ಯಮ ಪ್ರಾಧ್ಯಾಪಕ, ಕಲಬುರಗಿ